ಏಳು ದಿನದ ಇಂಕಾ, ಅರುವತ್ತು ಕೆಜಿ ಊರು

ಗಲ್ಫಿನಲ್ಲಿ ಹದಿನೆಂಟು ವರ್ಷ ಕಳೆದ ಮೇಲೆ ಒಂದು ಸತ್ಯವನ್ನು ಒಪ್ಪಿಕೊಳ್ಳುತ್ತೇನೆ. ನನಗೆ ಕೆಲಸದಿಂದ ದಣಿವಾಗುವುದಿಲ್ಲ, ರಜೆಯಿಂದ ಆಗುತ್ತದೆ. ಸೌದಿಯ ಬೆಟ್ಟದೂರು ಖಮೀಸ್ ಮುಶೈತ್‌ನ ಒಂದು ಕ್ಲಿನಿಕ್ಕಿನಲ್ಲಿ ಇನ್ಶೂರೆನ್ಸ್ ಕ್ಲೇಮು ತುಂಬುವುದು ನನ್ನ ಉದ್ಯೋಗ. ದಿನವಿಡೀ ಊರವರ ಕೆಮ್ಮು, ಮಂಡಿನೋವುಗಳಿಗೆ ನಂಬರು ಹಾಕಿ ಕಳಿಸಿದರೂ ಸಂಜೆ ಒಂದು ಲೋಟ ಸುಲೈಮಾನಿ ಚಹಾ ಕುಡಿದರೆ ಮನುಷ್ಯನಾಗುತ್ತೇನೆ. ಆದರೆ ವರ್ಷಕ್ಕೊಮ್ಮೆ ಊರಿಗೆ ಹೋಗಿ ಬಂದ ಸುಸ್ತು ಇಳಿಯಲು ಮುಂದಿನ ರಜೆಯವರೆಗೂ ಸಮಯ ಬೇಕು. ಅದಕ್ಕಾಗಿ ಈ ವರ್ಷ ತೀರ್ಮಾನ ಮಾಡಿದೆ: ಊರು ಬೇಡ. ಪೆರು ದೇಶಕ್ಕೆ ಹೋಗಿ ಇಂಕಾ ಜನ ಕಟ್ಟಿದ ಊರುಗಳನ್ನು ನೋಡುವುದು.

ದುಬೈ ಬಿಟ್ಟು ಇಂಕಾ ಯಾಕೆ ಎಂದು ನೀವು ಕೇಳಬಹುದು. ಹೆಂಡತಿ ಮುಮ್ತಾಜ್ ಕೇಳಿಯೇ ಬಿಟ್ಟಳು. ನಾನು ಇತಿಹಾಸದ ಬಿ.ಎ. ನಮ್ಮ ಕುಟುಂಬದಲ್ಲೇ ಪದವಿ ಪಡೆದ ಮೊದಲಿಗ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ನನ್ನ ಉಪ್ಪ, ಅಂದರೆ ಅಪ್ಪ, ಕೆಂಪುಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ. ಬೆಳಿಗ್ಗೆ ಅವರ ಜೊತೆ ಕಲ್ಲು ಹೊತ್ತು, ಕೈಕಾಲು ತೊಳೆದು ಕಾಲೇಜಿಗೆ ಓಡುತ್ತಿದ್ದೆ. ಒಂದು ದಿನ ಪಠ್ಯದಲ್ಲಿ ಅರ್ಧ ಪುಟದಷ್ಟು ಇಂಕಾ ಬಂತು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆಗಳು, ಸಂದಿಯಲ್ಲಿ ಚೂರಿಯ ಅಲಗು ಕೂಡ ಹೋಗದು ಎಂದು ಬರೆದಿತ್ತು. ಸಂಜೆ ಉಪ್ಪನಿಗೆ ಓದಿ ಹೇಳಿದೆ. ಅವರು ಬೀಡಿ ತೆಗೆದು, "ಚೂರಿ ಬಿಡು, ಇರುವೆ ಹೋಗ್ತದಾ ಅಂತ ನೋಡಿದ್ದಾರಾ?" ಎಂದರು. ಪುಸ್ತಕದಲ್ಲಿ ಇಲ್ಲ ಎಂದೆ. "ಹಾಗಾದ್ರೆ ಬರೆದವ ಗೋಡೆ ಕಟ್ಟಿದವ ಅಲ್ಲ." ಅಂದಿನಿಂದ ಆ ಇರುವೆ ನನ್ನ ತಲೆಯಲ್ಲಿ ಹರಿದಾಡುತ್ತಿದೆ. ಅಷ್ಟು ಕಷ್ಟಪಟ್ಟು ಸಂಪಾದಿಸಿದ ಪದವಿ ಈ ಹದಿನೆಂಟು ವರ್ಷ ಬೀರುವಿನಲ್ಲೇ ಮಲಗಿತ್ತು. ಒಂದು ಸಲವಾದರೂ ಅದಕ್ಕೆ ಕೆಲಸ ಕೊಡಬೇಕು ಎಂಬುದೇ ನನ್ನ ಆಸೆ.

ಮುಮ್ತಾಜ್ ಆಸ್ಪತ್ರೆಯಲ್ಲಿ ನರ್ಸ್. ಅವಳ ಡ್ಯೂಟಿ ಪಟ್ಟಿಗೂ ನನ್ನ ರಜೆಗೂ ಹೊಂದಾಣಿಕೆ ಮಾಡುವುದು ಎರಡು ದೇಶಗಳ ನಡುವೆ ಸಂಧಾನ ಮಾಡಿದ ಹಾಗೆ. ಕೊನೆಗೆ ಇಬ್ಬರಿಗೂ ಒಟ್ಟಿಗೆ ಸಿಕ್ಕಿದ್ದು ಹನ್ನೆರಡೇ ದಿನ. ಹೋಗಿ ಬರುವ ವಿಮಾನಗಳಿಗೆ ಐದು ಹೋದರೆ ಉಳಿದದ್ದು ಏಳು. ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿ, ಮೇಲೆ ದಪ್ಪಕ್ಷರದಲ್ಲಿ 'ಇಂಕಾ ಪ್ರವಾಸ' ಎಂದು ಬರೆದೆ. ಮೊದಲ ದಿನ ಕುಸ್ಕೋದಲ್ಲಿ ಇಳಿದು ನೇರ ಕಣಿವೆಗೆ, ಏಕೆಂದರೆ ಕುಸ್ಕೋ ಬಹಳ ಎತ್ತರ, ತಲೆ ಸುತ್ತುತ್ತದೆ. ಎರಡನೇ ದಿನ ಪಿಸಾಕ್‌ನ ಮೆಟ್ಟಿಲು ಹೊಲಗಳು. ಮೂರನೇ ದಿನ ಒಲ್ಯಾಂಟೈಟಾಂಬೋ ಕೋಟೆ, ಅಲ್ಲಿಂದ ರೈಲು. ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ಮಾಚು ಪಿಚು. ಅಲ್ಲಿಗೆ ಗಂಟೆ ನಮೂದಿಸಿದ ಟಿಕೆಟ್ ಬೇಕು, ತಡಮಾಡಿದರೆ ಮುಗಿದುಹೋಗುತ್ತದೆ. ಉಳಿದ ಮೂರು ದಿನ ಕುಸ್ಕೋದ ಗೋಡೆಗಳ ಮುಂದೆ ಕುಳಿತು ಇರುವೆ ಕಾಯುವುದು.

"ಎತ್ತರದ ಚಿಂತೆ ಬೇಡ, ನಾವು ಖಮೀಸ್‌ನವರು, ಬೆಟ್ಟದ ಮೇಲೇ ಇದ್ದೇವೆ" ಎಂದೆ.

"ಬೆಟ್ಟದ ಮೇಲೆ ಇರುದು ಹೌದು. ಆದ್ರೆ ಎರಡನೇ ಮಾಳಿಗೆಗೆ ಗ್ಯಾಸ್ ಸಿಲಿಂಡರ್ ತರುವಾಗ ನಿಮ್ಮ ಉಸಿರು ಕೆಳಗಿನ ಮನೆಯವರಿಗೂ ಕೇಳ್ತದೆ ಮಾರಾಯ್ರೆ" ಎಂದು ಅವಳು ಎತ್ತರದ ಕಾಯಿಲೆಗೆ ಮಾತ್ರೆ ತಂದಿಟ್ಟಳು.

ವೀಸಾ ಅರ್ಜಿ ಅರ್ಧ ತುಂಬಿದ್ದೆ. ಅಷ್ಟರಲ್ಲಿ ಜುಮ್ಮಾ ನಮಾಜು ಮುಗಿಸಿ ಹೊರಬರುವಾಗ ಹಂಝ ಸಿಕ್ಕಿದ. ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ ಮಾಡುವ ಹಂಝನಿಗೆ ನನ್ನ ರಜೆಯ ಸುದ್ದಿ ಹೇಗೋ ತಿಳಿದಿತ್ತು. "ಡಿಗ್ರಿಯವರು ಹೊರಟಿರಂತೆ! ಒಂದು ಸಣ್ಣ ಪಾರ್ಸೆಲ್ ಉಂಟು."

ಆಗ ನಾನು ಹೇಳಬೇಕಾಗಿದ್ದದ್ದು 'ನಾನು ಊರಿಗೆ ಹೋಗುತ್ತಿಲ್ಲ' ಎಂದು. ಹದಿನೆಂಟು ವರ್ಷದ ಅಭ್ಯಾಸ ನನ್ನ ಬಾಯಿಯಿಂದ ಹೇಳಿಸಿದ್ದು: "ಎಷ್ಟು ಕೆಜಿ?"

ಗಲ್ಫಿನ ನಮ್ಮವರಲ್ಲಿ ತೂಕ ಕೇಳಿದವನು ಒಪ್ಪಿದ ಹಾಗೆ. ನಿಶ್ಚಿತಾರ್ಥವನ್ನಾದರೂ ಮುರಿಯಬಹುದು, ಇದನ್ನು ಮುರಿಯಲಾಗದು. ತಡವಾಗಿ ತೊದಲುತ್ತಾ ಪೆರು, ಇಂಕಾ ಎಂದೆಲ್ಲ ವಿವರಿಸಿದೆ. ಹಂಝ ಪೂರ್ತಿ ಕೇಳಿ, "ಅದೆಲ್ಲ ನೋಡುವ. ಪಾರ್ಸೆಲಲ್ಲಿ ಇರುದು ಮಗಳಿಗೆ ಒಂದು ಲ್ಯಾಪ್‌ಟಾಪ್, ಒಂದು ಜೊತೆ ಶೂ. ಬರುವ ತಿಂಗಳು ಕಾಲೇಜು ಶುರು. ನಮ್ಮ ಮನೆಯಲ್ಲಿ ನಿಮ್ಮ ಹಾಗೆ ಡಿಗ್ರಿಗೆ ಹೋಗುದು ಅವಳೇ ಫಸ್ಟ್. ಬೇರೆ ಯಾರೂ ಈಗ ಹೊರಟವರು ಇಲ್ಲ" ಎಂದ.

ಶೂ ಎಂದು ಹೇಳಬಾರದಿತ್ತು ಅವನು. ನಾನು ಕಾಲೇಜಿಗೆ ಸೇರಿದ ವರ್ಷ ಸೌದಿಯ ಜುಬೈಲ್‌ನಲ್ಲಿದ್ದ ಮಾವ ಯಾರದೋ ಕೈಯಲ್ಲಿ ನನಗೆ ಶೂ ಕಳಿಸಿದ್ದರು. ತಂದವರು ನಮಗೆ ಗುರುತೇ ಇಲ್ಲದ ಒಬ್ಬ ಹಿರಿಯರು. ತಮ್ಮ ಚಿಕ್ಕ ರಜೆಯಲ್ಲಿ ಎರಡು ಬಸ್ಸು ಬದಲಿಸಿ, ಗದ್ದೆಯ ಬದುವಿನಲ್ಲಿ ನಡೆದು ಬಂದು, ಒಂದು ಲೋಟ ನೀರು ಕುಡಿದು ಹೋಗಿಬಿಟ್ಟರು. ಶೂ ಒಂದು ಸೈಜು ದೊಡ್ಡದಿತ್ತು. ಮೂರು ವರ್ಷವೂ ಬೆರಳಿನ ಹತ್ತಿರ ಹತ್ತಿ ತುರುಕಿ ಅದರಲ್ಲೇ ಬಿ.ಎ. ಮಾಡಿದೆ. ಆ ಹಿರಿಯರಿಗೂ ನೋಡಬೇಕೆಂದಿದ್ದ ಯಾವುದೋ ಮಾಚು ಪಿಚು ಇದ್ದಿರಬಹುದು. ನಾನು ಕೇಳಿರಲಿಲ್ಲ.

ಡಿಗ್ರಿಯವರು ಒಪ್ಪಿದ್ದಾರೆಂಬ ಸುದ್ದಿ ಹರಡಿತು. ಮುಂದಿನ ವಾರದೊಳಗೆ ಹಾಲಿನ ಪುಡಿಯ ಡಬ್ಬಿ, ಖರ್ಜೂರ, ಮುಲಾಮು, ಹುಲಿಯ ಚಿತ್ರದ ಕಂಬಳಿ ಎಲ್ಲ ಬಂದವು. ಮುಮ್ತಾಜ್ ತಕ್ಕಡಿ ಹಿಡಿದು, "ನನ್ನ ಮೂವತ್ತು ಕೆಜಿಯೂ ಮುಗಿಯಿತು. ಇಲ್ಲ ಅಂತ ಹೇಳ್ಲಿಕ್ಕೆ ನಿಮಗೆ ಕಾಲೇಜಲ್ಲಿ ಕಲಿಸ್ಲೇ ಇಲ್ವಾ?" ಎಂದಳು. ಬೈಯುತ್ತಲೇ ಲ್ಯಾಪ್‌ಟಾಪನ್ನು ಮಗುವಿನಂತೆ ತನ್ನ ಸೀರೆಯಲ್ಲಿ ಸುತ್ತಿದಳು. ವೀಸಾ ಅರ್ಜಿ ಅರ್ಧದಲ್ಲೇ ಉಳಿಯಿತು. ನಾವು ಮಂಗಳೂರಿಗೆ ಟಿಕೆಟ್ ತೆಗೆದೆವು.

ಅಷ್ಟು ಚೆಂದದ ಪಟ್ಟಿಯನ್ನು ಹಾಳುಮಾಡಲು ಮನಸ್ಸಾಗಲಿಲ್ಲ. ತಲೆಬರಹ ಹಾಗೇ ಬಿಟ್ಟು ಊರುಗಳ ಹೆಸರು ಬದಲಿಸಿದೆ. ಮೊದಲ ದಿನ ಉಳ್ಳಾಲ, ಎರಡನೇ ದಿನ ಫರಂಗಿಪೇಟೆ, ಮೂರನೇ ದಿನ ಕಂಬಳಿ ಕಟ್ಟಿಕೊಂಡು ಬಿ.ಸಿ.ರೋಡ್. ಹಂಝನ ಮನೆಗೆ ನಾಲ್ಕನೇ ದಿನ ಬೆಳಿಗ್ಗೆ ಹೋದೆ. ಗುಡ್ಡದ ಮೇಲಿನ ಮನೆ, ಕೆಂಪುಕಲ್ಲಿನ ಎಂಬತ್ತು ಮೆಟ್ಟಿಲು. ನಲವತ್ತಕ್ಕೇ ನಿಂತು ಮುಮ್ತಾಜಳ ಮಾತ್ರೆ ನುಂಗಿದೆ. ಆ ಹುಡುಗಿ ಶೂ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, "ಸರಿಯಾಗ್ತದೆ ಅಂಕಲ್" ಎಂದಳು. ಸ್ವಲ್ಪ ದೊಡ್ಡದಿತ್ತು, ನನಗೆ ಗೊತ್ತಾಯಿತು. ಹತ್ತಿಯ ವಿಷಯ ಹೇಳಿಕೊಟ್ಟೆ. ನನ್ನ ಪದವಿ ಉಪಯೋಗಕ್ಕೆ ಬಂದದ್ದು ಅಷ್ಟು. ಅವಳ ಅಜ್ಜಿ ಮಗನಿಗೆಂದು ಎರಡು ಭರಣಿ ಉಪ್ಪಿನಕಾಯಿ ಕೊಟ್ಟರು. ಮನೆಗೆ ಬಂದಾಗ ಉಪ್ಪ, "ಇರುವೆ ನೋಡಿದಿಯಾ?" ಎಂದರು. ಇಲ್ಲ ಎಂದೆ. "ನಾನು ಬದುಕಿರುವಾಗ ನೋಡು" ಎಂದು ಬೀಡಿ ಹಚ್ಚಿದರು.

ಖಮೀಸ್‌ಗೆ ಮರಳಿ ಹಂಝನಿಗೆ ಭರಣಿಗಳನ್ನು ಒಪ್ಪಿಸಿದೆ. ಅವನಿಗೆ ಪಾಪಪ್ರಜ್ಞೆ ಕಾಡುತ್ತಿತ್ತೋ ಏನೋ. "ನನ್ನಿಂದಾಗಿ ನಿಮ್ಮ ಆ ಕಲ್ಲಿನ ಊರು ತಪ್ಪಿತು. ಬರುವ ವರ್ಷ ಹೋಗ್ಲೇಬೇಕು ನೀವು" ಎಂದ. ಖಂಡಿತ ಹೋಗುತ್ತೇನೆ, ಮುಂದಿನ ಸಲ ಪೆರು ಎಂದರೆ ಪೆರುವೇ ಎಂದು ಗಟ್ಟಿಯಾಗಿ ಹೇಳಿದೆ. ಹಂಝ ತಲೆ ಕೆರೆದುಕೊಂಡ.

"ಭಟ್ಕಳದವರೊಬ್ಬರು ಅಲ್ಲಿ ಅಂಗಡಿ ಇಟ್ಟಿದ್ದಾರಂತೆ ಮಾರಾಯ್ರೆ. ಅವರಿಗೆ ನಮ್ಮ ಅಂಗಡಿ ಸೇಟುವಿನದ್ದು ಒಂದು ಸಣ್ಣ ಪಾರ್ಸೆಲ್..."

ಕುಟುಂಬದ ಮೊದಲ ಪದವೀಧರನಾದ ನಾನು ಒಂದು ಕ್ಷಣವೂ ಯೋಚಿಸದೆ ಕೇಳಿದೆ: "ಎಷ್ಟು ಕೆಜಿ?"