ದಮ್ಮಾಮಿಗೆ ಎಳೆದ ಹಗ್ಗ

"ಮನಿ ಬದಲಿ ಮಾಡೋದಂದ್ರ ಏನು ಮಹಾ? ಒಂದು ಲಾರಿ ಲೋಡು ಇಳಿಸಿ ಇನ್ನೊಂದಕ್ಕ ಏರಿಸಿದಂಗ. ನೀನು ಒಲಿ ಹಚ್ಚೋದ್ರಾಗ ನಾನು ಇಂಟರ್ನೆಟ್ ಹಚ್ಚಿರ್ತೀನಿ, ನೋಡಕೋ."

ಇನಾಯತ್ ಹೆಂಡತಿ ಸಾಜಿಯಾಳ ಎದುರು ಹೀಗೆ ಸಾರಿದ ದಿನವೇ ಹೊಸ ಮನೆಯಲ್ಲಿ ಒಲೆ ಹತ್ತಿತು. ಅದರ ಮೇಲೆ ಚಹಾ ಕುದಿಯಿತು, ಅನ್ನ ಬೆಂದಿತು, ಶುಕ್ರವಾರ ಬಿರಿಯಾನಿಯೂ ಬೆಂದಿತು. ಕಡೆಗೆ ಸಾಜಿಯಾಳ ತಾಳ್ಮೆಯೂ ಬೆಂದು ತಳ ಹಿಡಿಯಿತು. ಇಂಟರ್ನೆಟ್ ಮಾತ್ರ ಹತ್ತಲಿಲ್ಲ!

ಇನಾಯತ್ ಸಾಮಾನ್ಯ ಆಸಾಮಿಯೇನೂ ಅಲ್ಲ. ಬಳ್ಳಾರಿಯ ಮಣ್ಣಿಗೆ ಚಿನ್ನದ ಬೆಲೆ ಬಂದು, ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡುತ್ತಿದ್ದ ಆ ವರ್ಷಗಳಲ್ಲಿ ಅವನದು ತಾಡಪಾಲಿನ ಅಂಗಡಿ. ಲಾರಿಗೆ ತಾಡಪಾಲು ಹೊಲಿಯುವುದು, ಹೊದಿಸುವುದು, ಹಗ್ಗ ಬಿಗಿದು ಕಳಿಸುವುದು. ಇನಾಯತ್ ಹಾಕಿದ ಗಂಟು ಸಮುದ್ರದ ಮುಖ ನೋಡದೆ ಬಿಚ್ಚುವುದಿಲ್ಲ ಎಂದು ಡ್ರೈವರುಗಳು ಹೇಳುತ್ತಿದ್ದರು. ಚಹಾ ಕುಡಿಸಿದ ಋಣಕ್ಕೆ ಹೇಳಿದರೋ, ಮನಸ್ಸಿನಿಂದ ಹೇಳಿದರೋ, ಇನಾಯತ್ ವಿಚಾರಿಸಲು ಹೋಗಲಿಲ್ಲ. ಹೊಗಳಿಕೆಯನ್ನು ಯಾರೂ ತೂಕಕ್ಕೆ ಹಾಕುವುದಿಲ್ಲ.

ಅದೇ ಅದಿರಿನ ದೆಸೆಯಿಂದ ಊರಿನ ಬಾಡಿಗೆಗಳೂ ಮುಗಿಲು ಮುಟ್ಟಿದ್ದವು. ಕೌಲ್ ಬಜಾರಿನ ಮನೆಯ ಮಾಲೀಕರು ಒಂದು ದಿನ ಬಹಳ ಪ್ರೀತಿಯಿಂದ ಬಂದು, ಬಹಳ ಪ್ರೀತಿಯಿಂದ ಕೈ ಹಿಡಿದು, ಮನೆ ಖಾಲಿ ಮಾಡಲು ಹೇಳಿದರು. ಇನಾಯತ್ ಹಿಂದಿನ ಓಣಿಯಲ್ಲೇ ಬೇರೆ ಮನೆ ಹಿಡಿದ. ಹಳೆಯ ಮನೆಗೆ ಲಾರಿ ತೂಗುವ ವೇಬ್ರಿಜ್ ನಡೆಸುವ ಎರ್ರಿಸ್ವಾಮಿ, ಹೆಂಡತಿ ವಿಜಯಲಕ್ಷ್ಮಿಯ ಜೊತೆ ಬಂದು ಸೇರಿದ. ಎರಡು ಮನೆಗಳ ನಡುವೆ ಇದ್ದದ್ದು ನೆರೆಯ ಹೊನ್ನೂರಮ್ಮನ ಮಾಳಿಗೆಯೊಂದೇ. ಜೋರಾಗಿ ಸೀನಿದರೆ ಆ ಮನೆಯಲ್ಲಿ ಕೇಳಿಸುವಷ್ಟು ಹತ್ತಿರ.

ಇಂಟರ್ನೆಟ್ಟಿಗೆ ಅಷ್ಟು ಅವಸರ ಯಾಕೆಂದರೆ, ಸಾಜಿಯಾಳ ತಮ್ಮ ಮುಸ್ತಾಕ್ ಸೌದಿಯ ದಮ್ಮಾಮಿನಲ್ಲಿ ಎ.ಸಿ. ರಿಪೇರಿ ಕೆಲಸಕ್ಕಿದ್ದ. ಅವನು ಅಲ್ಲಿಗೆ ಹೋದ ಮೇಲೆ ಇಲ್ಲಿ ಅವನಿಗೊಂದು ಹೆಣ್ಣು ಕೂಸು ಹುಟ್ಟಿತ್ತು. ಹೆಂಡತಿ ಖುಷ್ಬೂ ಬಾಣಂತನಕ್ಕೆ ಕುರುಗೋಡಿನ ತವರಿನಲ್ಲಿದ್ದಳು. ಕೂಸಿನ ಒಂದು ಫೋಟೋ ದಮ್ಮಾಮಿಗೆ ಹೋಗಿತ್ತು. ಅದರಲ್ಲಿ ಕೂಸಿಗಿಂತ ಕುಂಚಿಗೆಯೇ ಹೆಚ್ಚು ಕಾಣುತ್ತಿತ್ತು.

"ಅಕ್ಕಾ, ಫೋನಿನ್ಯಾಗ ಅಳೋದಷ್ಟ ಕೇಳಸ್ತೈತಿ. ನಗೋದು ಕೇಳ್ಸಂಗಿಲ್ಲ," ಎಂದು ಮುಸ್ತಾಕ್ ಒಮ್ಮೆ ಸಾಜಿಯಾಳಿಗೆ ಹೇಳಿದ್ದ.

ಇಡೀ ಬಳಗದಲ್ಲಿ ಕ್ಯಾಮೆರಾ ಸಿಕ್ಕಿಸಿದ ಕಂಪ್ಯೂಟರ್ ಇದ್ದದ್ದು ಇನಾಯತ್‌ನ ಮನೆಯಲ್ಲಿ. ಹಾಗಾಗಿ ಏರ್ಪಾಡಾಯಿತು. ಬಾಣಂತನದ ನಲವತ್ತು ದಿನ ಕಳೆದ ಮೇಲಿನ ಶುಕ್ರವಾರ ಸಾಜಿಯಾಳ ತಾಯಿ ಗುಲ್ಜಾರಬೀ ಸಿರುಗುಪ್ಪದಿಂದ ಕುರುಗೋಡಿಗೆ ಹೋಗಿ, ಸೊಸೆಯನ್ನೂ ಕೂಸನ್ನೂ ಕರೆದುಕೊಂಡು ಬಳ್ಳಾರಿಗೆ ಬರಬೇಕು. ಸಂಜೆ ಐದಕ್ಕೆ ಮುಸ್ತಾಕ್ ಅಲ್ಲಿ ಗೆಳೆಯನ ರೂಮಿನ ಕಂಪ್ಯೂಟರಿನ ಮುಂದೆ ಕೂಡಬೇಕು. ಗೆಳೆಯ ಬಿಟ್ಟುಕೊಟ್ಟದ್ದು ಒಂದು ತಾಸು. ಆ ತಾಸು ತಪ್ಪಿದರೆ ಮುಂದಿನ ರಜೆ ಯಾವಾಗಲೋ ಅವನ ಮಾಲೀಕನಿಗೇ ಗೊತ್ತು.

"ನೀ ಬೇಫಿಕರ್ ಇರು," ಎಂದ ಇನಾಯತ್, ಕಂಪನಿಯ ನಂಬರು ಒತ್ತುತ್ತ.

ಕನ್ನಡಕ್ಕೊಂದು ಗುಂಡಿ ಒತ್ತಿದ. ಹೊಸ ಗಿರಾಕಿಯಲ್ಲ ಎನ್ನಲು ಇನ್ನೊಂದು ಒತ್ತಿದ. ವಾದ್ಯಸಂಗೀತ ಬಹಳ ಹೊತ್ತು ನಡೆದು, ಕೊನೆಗೆ ಸಕ್ಕರೆಯಂಥ ದನಿಯೊಂದು ಬಂತು.

"ನಿಮ್ಮ ಸಮಸ್ಯೆ ನನಗೆ ಪೂರ್ತಿಯಾಗಿ ಅರ್ಥವಾಗಿದೆ ಸರ್. ನಿಮ್ಮ ಸಮಸ್ಯೆ ಏನು ಅಂತ ಹೇಳ್ತೀರಾ?"

ಇನಾಯತ್ ಹೇಳಿದ.

"ಕ್ಷಮಿಸಿ ಸರ್, ಇದು ನೋಂದಾಯಿತ ನಂಬರ್ ಅಲ್ಲ. ನಿಮ್ಮ ಲ್ಯಾಂಡ್‌ಲೈನಿನಿಂದಲೇ ಕರೆ ಮಾಡಬೇಕು."

"ಆ ಲೈನು ಹಳೇ ಮನ್ಯಾಗ ಐತ್ರಿ. ಅದನ್ನ ಹೊಸ ಮನಿಗೆ ಹಾಕ್ರಿ ಅಂತ ಹೇಳಾಕ ಫೋನ್ ಮಾಡೀನಿ."

"ಹಾಗಾದರೆ ಹಳೆಯ ಮನೆಗೆ ಹೋಗಿ ಕರೆ ಮಾಡಿ ಸರ್. ನನ್ನಿಂದ ಇನ್ನೇನಾದರೂ ಸಹಾಯ ಆಗಬೇಕಾ?"

ಬಿಟ್ಟುಬಂದ ಮನೆಯ ಬಾಗಿಲು ತಟ್ಟುವುದು ಇನಾಯತ್‌ಗೆ ಸಂಕೋಚವೆನಿಸಿತು. ವಿಜಯಲಕ್ಷ್ಮಿ ಮಾತ್ರ ನಗುತ್ತಲೇ ಒಳಗೆ ಕರೆದಳು. ಹಾಲಿನ ಮೂಲೆಯಲ್ಲಿ ಅವನದೇ ಫೋನು, ಅವನದೇ ತಂತಿ, ಅಪರಿಚಿತರ ಟೀಪಾಯಿಯ ಮೇಲೆ ಅನಾಥವಾಗಿ ಕೂತಿದ್ದವು. ನಂಬರು ಒತ್ತಿದ. ಸಂಗೀತ ಮುಗಿಯುವುದರೊಳಗೆ ಚಹಾ ಬಂದು ಖಾಲಿಯೂ ಆಯಿತು. ಈ ಸಲದ ದನಿ ಬೇರೆ. ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಯಿತು.

"ಸರ್, ನಾನು ಚೆಕ್ ಮಾಡಿದೆ. ನಿಮ್ಮ ಲೈನು ತುಂಬಾ ಚೆನ್ನಾಗಿದೆ."

"ಲೈನು ಚಲೋ ಐತಿ ಬಿಡವ್ವಾ. ನಾನ ಈ ಮನ್ಯಾಗ ಇಲ್ಲ."

"ಇದ್ದೀರಲ್ಲ ಸರ್. ಅಲ್ಲಿಂದಲೇ ಮಾತಾಡ್ತಿದ್ದೀರಿ."

ಇನಾಯತ್ ತಾನು ಎಲ್ಲಿದ್ದೇನೆಂದು ಒಮ್ಮೆ ಸುತ್ತ ನೋಡಿಕೊಂಡ. ಅಷ್ಟರಲ್ಲಿ ಅವನ ದೂರು ಸಂತೋಷದಾಯಕವಾಗಿ ಬಗೆಹರಿದಿದೆ ಎಂದು ಕಂಪನಿ ಅದನ್ನು ಮುಚ್ಚಿಬಿಟ್ಟಿತ್ತು!

ಮುಂದೆ ಇದೊಂದು ನಿತ್ಯದ ಪೂಜೆಯಾಯಿತು. ಇನಾಯತ್ ಅಂಗಡಿಗೆ ಹೋಗುವ ಮೊದಲು ಹಳೆಯ ಮನೆಗೆ ಹೋಗಿ ದೂರು ಕೊಡುವುದು, ಅವನು ಅಂಗಡಿಗೆ ಹೋದ ಮೇಲೆ ಕಂಪನಿಯ ಹುಡುಗ ಅದೇ ಹಳೆಯ ಮನೆಗೆ ಬಂದು ಲೈನು ಪರೀಕ್ಷಿಸುವುದು.

"ಅಣ್ಣಾರ, ನಿಮ್ಮ ಕಂಪನಿಯಾವ ಇವತ್ತೂ ಬಂದಿದ್ದ," ಎನ್ನುತ್ತಿದ್ದಳು ವಿಜಯಲಕ್ಷ್ಮಿ, ತನ್ನದೇ ತಪ್ಪೆಂಬಂತೆ. "ಹಿಂದಿನ ಓಣಿಗೆ ಹೋಗಪಾ ಅಂದೆ. ಲೈನ್ ಭಾಳ ಚಲೋ ಐತಿ ಅಂತ ಹೇಳಿ, ಚಾ ಕುಡದು ಹೋದ."

ಇನಾಯತ್ ಊರೊಳಗಿನ ಕಂಪನಿಯ ಕಚೇರಿಗೇ ನುಗ್ಗಿದ. ಅಲ್ಲಿ ಫ್ಯಾನಿನ ನೇರ ಕೆಳಗೆ, ಗಾಳಿ ಒಂಚೂರೂ ಪೋಲಾಗದಂತೆ, ಏಜೆಂಟ್ ಕೊಟ್ಟೂರಪ್ಪ ಕೂತಿದ್ದ. ವಿಳಾಸ ಕೇಳಿ, ಕಂಪ್ಯೂಟರ್ ನೋಡಿ, ತಲೆ ಆಡಿಸಿದ.

"ನಿಮ್ಮ ಹೊಸ ಓಣಿ ನಮ್ಮ ಮ್ಯಾಪಿನ್ಯಾಗ ಇಲ್ರಿ."

"ನಮ್ಮ ಅಜ್ಜ ಆ ಓಣ್ಯಾಗ ಹುಟ್ಟ್ಯಾನ."

"ಹುಟ್ಟಿರಬೌದ್ರಿ. ಮ್ಯಾಪಿನ್ಯಾಗ ಹುಟ್ಟಿಲ್ಲ."

"ಹಂಗಾದ್ರ ಒಬ್ಬ ಹುಡುಗನ್ನ ಕಳಿಸಿ ನೋಡ್ಸರಿ."

"ಹುಡುಗ್ರೆಲ್ಲಿ ಅದಾರ್ರಿ? ಗಣಿ ಸಾವ್ಕಾರ್ರ ಬಂಗ್ಲೇಕ ಲೈನ್ ಎಳ್ಯಾಕ ಹೋಗ್ಯಾರ. ಬಚ್ಚಲ ಮನಿಗೂ ಬೇಕಂತ ಅವ್ರಿಗೆ."

ಕೂಸಿನ ಮುಖ ನೋಡಲು ಒಬ್ಬ ತಂದೆಗೆ ಲೈನಿಲ್ಲ, ಮೈ ತೊಳೆಯುವವರಿಗೆ ಇದೆ! ಇನಾಯತ್‌ಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಸಾಜಿಯಾ ಮುಖ ನೋಡಿಯೇ ತಿಳಿದುಕೊಂಡಳು.

"ಸುಮ್ನ ಕೂಸು, ಕಂಪ್ಯೂಟರ್ ಎರಡೂ ಎತ್ಕೊಂಡು ವಿಜಯಲಕ್ಷ್ಮಿ ಮನಿಗೇ ಹೋಗೋಣ್ರಿ. ಆಕಿ ಬ್ಯಾಡ ಅನ್ನಂಗಿಲ್ಲ."

"ಏನ್ ಮಾತಾಡ್ತಿ? ಅಳಿಯ ಹೊಸ ಮನಿ ಹಿಡದಾನ ಅಂತ ನಿಮ್ಮಮ್ಮ ಬರಾಕತ್ತಾರ. ಕರಕೊಂಡು ಹೋಗಿ ಮಂದಿ ಮನ್ಯಾಗ ಕುಂದರಸ್ಲೇನು?"

ಗುಲ್ಜಾರಬೀ ಮದುವೆಯ ದಿನದಿಂದಲೂ ಅಳಿಯನ ಬಗ್ಗೆ ಒಂದೇ ಅಭಿಪ್ರಾಯಕ್ಕೆ ಅಂಟಿಕೊಂಡಿದ್ದರು: ಹುಡುಗ ಒಳ್ಳೆಯವನು, ಆದರೆ ಕೈಗಿಂತ ಬಾಯಿ ಜೋರು. ಆ ಅಭಿಪ್ರಾಯವನ್ನು ಈ ಶುಕ್ರವಾರ ಬುಡಮೇಲು ಮಾಡಬೇಕೆಂದು ಇನಾಯತ್ ಪಣ ತೊಟ್ಟಿದ್ದ.

ಗುರುವಾರ ಅವನು ಅಂಗಡಿಯಿಂದ ಲಾರಿಗೆ ಬಿಗಿಯುವ ನೈಲಾನ್ ಹಗ್ಗ ತಂದ. ಲೈನು ಹಳೆಯ ಮನೆ ಬಿಟ್ಟು ಬರುವುದಿಲ್ಲವೇ? ಹಾಗಾದರೆ ಕಟ್ಟಿ ಎಳೆದು ತರುವುದು! ಎರ್ರಿಸ್ವಾಮಿಯ ಒಪ್ಪಿಗೆ ಪಡೆದು, ಅವನ ಮಾಳಿಗೆಯಿಂದ ಹೊನ್ನೂರಮ್ಮನ ಮಾಳಿಗೆಯ ಮೇಲೆ ಹಾಯಿಸಿ, ತನ್ನ ಮಾಳಿಗೆಯ ಗೋಡೆಯಲ್ಲಿ ಎದ್ದು ನಿಂತಿದ್ದ ಕಬ್ಬಿಣದ ಸಲಾಕೆಗೆ ಹಗ್ಗ ಬಿಗಿದ. ಅದರ ಗುಂಟ ಟೆಲಿಫೋನಿನ ಸಣ್ಣ ತಂತಿಯನ್ನು ಸುತ್ತಿ ಸುತ್ತಿ ತಂದು ಕೆಳಗಿಳಿಸಿದ. ಕಂಪ್ಯೂಟರ್ ಹಚ್ಚಿದರೆ, ಇಂಟರ್ನೆಟ್ ಬಂದೇ ಬಂತು!

"ನೋಡಿದೇನು? ಕಂಪನಿ ಕೈಲೆ ಆಗಲಾರದ್ದು ಇನಾಯತ್ ಕೈಲೆ ಆತು."

ಸಾಜಿಯಾಳಿಗೂ ಖುಷಿಯಾಯಿತು. ಮುಸ್ತಾಕ್ ಮಗಳನ್ನು ನೋಡುತ್ತಾನಲ್ಲ ಎಂದು ಅವಳ ಕಣ್ಣೂ ತುಂಬಿತು. ಇನಾಯತ್ ಅದು ತನ್ನ ಗಂಟಿನ ಕೌಶಲಕ್ಕೆ ಬಂದ ಕಣ್ಣೀರೆಂದು ತಿಳಿದು ಇನ್ನಷ್ಟು ಉಬ್ಬಿದ.

ಆದರೆ ತಾಸೊಪ್ಪತ್ತಿನಲ್ಲೇ ಹೊನ್ನೂರಮ್ಮನ ಎರಡು ಸೀರೆಗಳು ಆ ಹಗ್ಗದ ಮೇಲೆ ಓಲಾಡುತ್ತಿದ್ದವು.

"ಯಮ್ಮಾ, ಅದು ಅರಿವಿ ಒಣಾಕೋ ಹಗ್ಗ ಅಲ್ಲ. ಇಂಟರ್ನೆಟ್ಟು."

"ಇಷ್ಟು ಬಿಗಿ ಐತಲ್ಲೋ ಯಪ್ಪಾ. ಖಾಲಿ ಬಿಡಾಕ ಮನಸ್ಸ ಬರ್ಲಿಲ್ಲ."

ಹೊನ್ನೂರಮ್ಮನ ಸಂಡಿಗೆ ಹರವಲು ಒಂದು ತಾಡಪಾಲು ಪುಕ್ಕಟೆ ಕೊಟ್ಟ ಮೇಲೆ ಸೀರೆಗಳು ಇಳಿದವು. ಇನಾಯತ್ ಎಡಗಡೆಯ ಮನೆಗೆ ಹೇಳಿದ, ಬಲಗಡೆಯ ಮನೆಗೆ ಹೇಳಿದ, ಎರ್ರಿಸ್ವಾಮಿಯ ಮನೆಯ ಕೆಲಸದವಳಿಗೂ ಹೇಳಿದ. ಹಗ್ಗದ ಮೇಲೆ ಕರವಸ್ತ್ರವೂ ಬೀಳಬಾರದು. ಓಣಿಯೆಲ್ಲ ಮಾತು ಕೊಟ್ಟಿತು.

ಶುಕ್ರವಾರ ಮಧ್ಯಾಹ್ನ ಗುಲ್ಜಾರಬೀ, ಖುಷ್ಬೂ, ಕೂಸು ಬಂದಿಳಿದರು. ಕುರುಗೋಡಿನಿಂದ ಅವರ ಬಸ್ಸು ಅದಿರಿನ ಲಾರಿಗಳ ಬೆನ್ನಿಗೇ ತೆವಳಿಕೊಂಡು ಬಂದಿತ್ತು. ಮೂವರೂ ಇಟ್ಟಿಗೆ ಭಟ್ಟಿಯಿಂದ ಎದ್ದು ಬಂದವರಂತೆ ಕೆಂಪಗಾಗಿದ್ದರು. ಬಾಣಂತಿಗೆ ಸೀಟು ಒತ್ತಬಾರದೆಂದು ಗುಲ್ಜಾರಬೀ ಹಾಸಿದ್ದ ದೊಡ್ಡ ಕೌದಿಯ ಮೇಲೆ ಬೇಕಾದಷ್ಟು ಧೂಳು ಕೂತಿತ್ತು. ಉಳಿದ ಕೆಲಸವನ್ನು ಕೂಸು ಮಾಡಿತ್ತು. ಹಳೆಯ ಸೀರೆಗಳನ್ನು ಪದರ ಪದರ ಕೂಡಿಸಿ ಅವರೇ ಹೊಲಿದ ಕೌದಿ ಅದು. ಅದಿಲ್ಲದೆ ಅವರು ಊರು ಬಿಡುತ್ತಿರಲಿಲ್ಲ.

ಮನೆ ನೋಡಿ, "ಐತಿ, ಪರವಾಗಿಲ್ಲ. ಗಾಳಿ ಕಡಿಮಿ," ಎಂದರು. ಇನಾಯತ್ ಬೇಸರಿಸಲಿಲ್ಲ. ಸಂಜೆ ಐದಾಗಲಿ, ಆಮೇಲೆ ಮಾತಾಡೋಣ ಎಂದುಕೊಂಡ. ಅತ್ತೆ ಬಚ್ಚಲಿನಲ್ಲಿ ಏನನ್ನೋ ದಪದಪ ಒಗೆಯುವ ಸದ್ದು ಕೇಳಿದರೂ ಅವನು ಕ್ಯಾಮೆರಾ ಒರೆಸುವುದರಲ್ಲಿ ಮುಳುಗಿದ್ದ. ಸಾಜಿಯಾ ಅಡುಗೆಮನೆಯಲ್ಲಿದ್ದಳು.

ಐದಕ್ಕೆ ಸರಿಯಾಗಿ ಪರದೆಯ ಮೇಲೆ ಮುಸ್ತಾಕ್ ಮೂಡಿದ. ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಹೆಣ್ಣು ನೋಡಲು ಬಂದ ಗಂಡಿನಂತೆ ನೆಟ್ಟಗೆ ಕೂತಿದ್ದ. ಖುಷ್ಬೂ ಸೆರಗು ಸರಿಮಾಡಿಕೊಂಡು ಕೂಸನ್ನು ಮುಂದೆ ಹಿಡಿದಳು. ಕುಂಚಿಗೆ ಹಿಂದೆ ಸರಿಸಲು ಕೈ ಎತ್ತಿದಳು. ಮೇಲೆ ಮಾಳಿಗೆಯಲ್ಲಿ ದಡಾರ್ ಎಂದಿತು. ಪರದೆ ಕಪ್ಪಾಗಿ ಮುಸ್ತಾಕ್ ಮಾಯವಾದ!

ಇನಾಯತ್ ಒಂದೇ ಉಸಿರಿಗೆ ಮಾಳಿಗೆ ಹತ್ತಿದ. ಸಣ್ಣ ತಂತಿ ತುಂಡಾಗಿ ಗೋಡೆಗೆ ಜೋತುಬಿದ್ದಿತ್ತು. ಗಣಿ ದುಡ್ಡಿನ ಅವಸರದಲ್ಲಿ ಕಟ್ಟಿದ ಮನೆಯ ಗೋಡೆ ಬಿಸ್ಕತ್ತಿನಂತೆ ಒಡೆದು ಸಲಾಕೆಯೇ ಕಿತ್ತುಬಂದಿತ್ತು. ಸಲಾಕೆಗೆ ಹಾಕಿದ್ದ ಗಂಟು ಮಾತ್ರ ಕೂದಲಷ್ಟೂ ಸಡಿಲಾಗಿರಲಿಲ್ಲ. ಕೆಳಗೆ ನೀರು ಕುಡಿದ ಎಮ್ಮೆಯ ಹಾಗೆ ಅಂಗಾತ ಬಿದ್ದಿದ್ದದ್ದು ಆ ಕೌದಿ.

ಹಿಂದಿನಿಂದ ಏದುಸಿರು ಬಿಡುತ್ತ ಗುಲ್ಜಾರಬೀ ಬಂದರು.

"ಅಯ್ಯ, ಈಗಷ್ಟ ಒಗದು ಹಾಕಿದ್ದೆ."

ಇನಾಯತ್ ಬಾಯಿ ತೆರೆದ. ಓಣಿಯವರಿಗೆಲ್ಲ ಹೇಳಿದ ಮಾತು ನಾಲಿಗೆಯ ತುದಿಗೆ ಬಂತು. ಮೊಮ್ಮಗಳಿಗಾಗಿ ಸಿರುಗುಪ್ಪದಿಂದ ಧೂಳು ತಿನ್ನುತ್ತ ಬಂದ ಮುದುಕಿಗೆ ಅದನ್ನು ಹೇಗೆ ಹೇಳುವುದು? ಬಾಯಿ ಮುಚ್ಚಿದ.

ಕೆಳಗೆ ಖುಷ್ಬೂ ಅಳಲು ಶುರುಮಾಡಿದ್ದಳು. ಅವಳನ್ನು ನೋಡಿ ಕೂಸೂ ಶುರುಮಾಡಿತು. ಸಾಜಿಯಾ ಗಡಿಯಾರ ನೋಡಿದಳು, ಗಂಡನನ್ನು ನೋಡಿದಳು.

"ಏಳ್ರಿ, ಕಂಪ್ಯೂಟರ್ ಎತ್ರಿ."

ಈ ಸಲ ಇನಾಯತ್ ಎದುರಾಡಲಿಲ್ಲ. ದಪ್ಪ ಮಾನಿಟರನ್ನು ಎದೆಗೆ ಅವಚಿಕೊಂಡು ಅವನು, ಕಂಪ್ಯೂಟರಿನ ಡಬ್ಬಿ ಹೊತ್ತು ಸಾಜಿಯಾ, ಕ್ಯಾಮೆರಾ ಹಿಡಿದು ಖುಷ್ಬೂ, ಎಲ್ಲರ ಮುಂದೆ ಕೂಸನ್ನೆತ್ತಿಕೊಂಡು ಗುಲ್ಜಾರಬೀ, ಹೀಗೆ ಮೆರವಣಿಗೆ ಹೊರಟಿತು. ಹೊನ್ನೂರಮ್ಮ ಮತ್ತೆ ಮನೆ ಬದಲಿಯೇ ಎಂದು ಕೇಳಿದಳು. ವಿಜಯಲಕ್ಷ್ಮಿ ಏನನ್ನೂ ಕೇಳದೆ ಟೀಪಾಯಿ ಖಾಲಿ ಮಾಡಿ, ಚಹಾಕ್ಕೆ ಇಟ್ಟಳು.

ಮುಸ್ತಾಕ್ ಎದ್ದು ಹೋಗಿರಲಿಲ್ಲ. ಗೆಳೆಯ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರೂ ಕಪ್ಪು ಪರದೆಯನ್ನೇ ನೋಡುತ್ತ ಕೂತಿದ್ದನಂತೆ. ಖುಷ್ಬೂ ಕುಂಚಿಗೆ ಸರಿಸಿದಳು. ಕೂಸು ನಗಲಿಲ್ಲ, ಬಾಯಿ ತುಂಬ ಆಕಳಿಸಿತು. ಅಷ್ಟಕ್ಕೇ ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಇನಾಯತ್‌ಗೆ ಕಂಪನಿಯ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮುಸ್ತಾಕ್ ಕಣ್ಣೊರೆಸಿಕೊಂಡು, "ಭಾವಾ, ನಡುವ ಒಮ್ಮಿಗೇ ಎಲ್ಲಾ ಹೋತು. ನಾ ಹೆದರಿಬಿಟ್ಟಿದ್ದೆ. ಏನಾಗಿತ್ತು?" ಎಂದ.

ಇನಾಯತ್ ಗಂಟಲು ಸರಿಮಾಡಿಕೊಂಡು, ಎಲ್ಲವನ್ನೂ ಕಂಪನಿಯ ತಲೆಗೆ ಕಟ್ಟಿ ಗೌರವದಿಂದ ಪಾರಾಗಲು ಹೊರಟಿದ್ದ. ಅಷ್ಟರಲ್ಲಿ ಗುಲ್ಜಾರಬೀ ಅವನನ್ನು ಪಕ್ಕಕ್ಕೆ ಸರಿಸಿ ಕ್ಯಾಮೆರಾದೊಳಗೇ ಮುಖ ಇಟ್ಟರು.

"ಆ ಇಂಟರ್ನೆಟ್ ಸುದ್ದಿ ನನಗ ಗೊತ್ತಿಲ್ಲಪಾ. ನಿಮ್ಮ ಭಾವಾರು ಊರಾಗಿನ ಲಾರಿಗೆಲ್ಲ ಹಗ್ಗ ಬಿಗೀತಾರ ಅಂತ ಹೆಸರಷ್ಟ ಕೇಳಿದ್ದೆ. ಮನ್ಯಾಗ ಅರಿವಿ ಒಣಾಕಾಕ ಒಂದು ಹಗ್ಗ ಕಟ್ಯಾರ, ನನ್ನ ಒಂದು ಕೌದಿ ತಡೀಲಿಲ್ಲ ನೋಡು."