ಚಾಂದವಡದಾಗ ದ್ರಾಕ್ಷಿ ತುಳದ ಅಜ್ಜಿ

ನಾ ಎಲ್ಲಿ ಕಾಲಿಟ್ರೂ ಅಲ್ಲಿ ಏನಾರ ಒಂದು ಆಗೇ ಆಗತೈತ್ರಿ. ಬಸ್ ಸ್ಟ್ಯಾಂಡಿನಾಗ ಸುಮ್ನ ನಿಂತ್ರೂ ಬಸ್ ಬದಲಿ ಯಾರದಾರ ಮದುವಿ ಮೆರವಣಿಗಿ ಬಂದು ನಿಲ್ಲತೈತಿ. ನಮ್ಮಾಕಿ ಹೇಳ್ತಾಳ, ಆಗಿದ್ದು ಒಂದ ಇಟ್ಟಂಗಿ, ಉಳದಿದ್ದೆಲ್ಲಾ ನಿಮ್ಮ ಗಿಲಾವು ಅಂತ. ಗಿಲಾವು ಇಲ್ಲದ ಗ್ವಾಡಿ ಯಾರು ನೋಡ್ತಾರ್ರಿ?

ಒಂದು ಹೂಂ ಬಾಕಿ

ನಾ ವಿಜಯಪುರ ಕಡಿಂದ ಕರಣಿ ಹಿಡಕೊಂಡು ನಾಸಿಕಕ್ಕ ಬಂದ ಗೌಂಡಿ. ದೇವಳಾಲಿ ಕ್ಯಾಂಪಿನಾಗ ಅರ್ಧ ಗ್ವಾಡಿ ನಾನ ಕಟ್ಟಿದ್ದು, ಉಳದರ್ಧ ನನ್ನ ನೋಡಿ ಹೆದರಿ ತಾವ ಎದ್ದು ನಿಂತ್ವು.

ನನ್ನ ಮೊಮ್ಮಗಳು ಒಬ್ಬ ಹುಡುಗನ್ನ ಮೆಚ್ಚಿದ್ಲು. ನಮ್ಮ ಕಡೇ ಮಂದಿನ, ಈಗ ಸಂಭಾಜಿನಗರದಾಗ ಇರ್ತಾರ. ಹುಡುಗ ಅಲ್ಲೇ ಹತ್ರ ಬಿಡಕಿನ್‌ದಾಗ ಹೊಸಾ ಫ್ಯಾಕ್ಟರಿಗೆ ಹೋಗ್ತಾನ. ಎರಡೂ ಮನಿಯವರು ಒಪ್ಪಿದ್ರು, ಹುಡುಗನ ಅಜ್ಜಿ ಒಬ್ಬಾಕಿ ಹೂಂ ಅನಬೇಕಿತ್ತು. ಆ ಮನ್ಯಾಗ ಆಕಿ ಹೂಂ ಅನದ ಹಾಲು ಸೈತ ಉಕ್ಕಂಗಿಲ್ಲಂತ. ಆ ಅಜ್ಜಿ, ಹುಡುಗಿ ದುಡಿಯೂ ಜಾಗಾ ನೋಡಬೇಕು ಅಂದ್ಲು.

ಪೇಚು ಅದ. ಮೊಮ್ಮಗಳು ಚಾಂದವಡದ ಹತ್ರ ಒಂದು ವೈನ್ ಫ್ಯಾಕ್ಟರ್ಯಾಗ, ನೋಡಾಕ ಬಂದ ಮಂದಿಗೆ ವೈನ್ ಹೆಂಗ ಸವೀಬೇಕಂತ ಕಲಸ್ತಾಳ. ಅಜ್ಜಿಗೋ ದಾರೂ ಅಂದ್ರ ಮೈಮ್ಯಾಲೆ ಮುಳ್ಳು ಏಳ್ತಾವ. ಸ್ವಂತ ತಮ್ಮನ್ನ ಅದಕ್ಕಂತ ಮನಿಯಿಂದ ಹೊರಗ ಹಾಕಿದಾಕಿ.

ನಾ ಫೋನಿನಾಗ ಹೇಳಿಬಿಟ್ಟೆ, ಹುಡುಗಿ ದ್ರಾಕ್ಷಿ ಶರಬತ್ತಿನ ಕಂಪನ್ಯಾಗ ಅದಾಳ್ರಿ ಅಂತ. ಮೊಮ್ಮಗಳು ತಲಿ ಹಿಡಕೊಂಡು ಕುಂತ್ಲು.

"ಅಜ್ಜಾ, ಖೋಟಂ ನಕೋ ನಾ, ಸುಳ್ಳು ಬ್ಯಾಡ. ಖರೇ ಏನೈತಿ, ಮೀ ಹೇಳ್ತೀನಿ."

ಇಲ್ಲೇ ಹುಟ್ಟಿ ಬೆಳದ ಹುಡುಗಿ, ಕನ್ನಡ ಎಲ್ಲಾ ತಿಳೀತೈತಿ, ಬಾಯಿಗೆ ಬರೂದು ಅರ್ಧಾ ಮರಾಠಿ. ನಾ ಅಂದೆ, ಖರೇ ಹೇಳಾಕ ಇನ್ನೂ ಬಾಳ ವಯಸ್ಸು ಐತಿ ತಾಯಿ, ಮೊದಲ ಲಗ್ನ ಆಗಲಿ.

ಸುರಂಗ

ಅಜ್ಜಿ ಮೊಮ್ಮಗನ ಜೋಡಿ ಜೀಪಿನಾಗ ಚಾಂದವಡಕ್ಕ ಬಂದಿಳದ್ಲು. ಕುಳ್ಳ ಅಜ್ಜಿ, ಮೀಸಿ ಮಾತ್ರ ಇಲ್ಲ, ಉಳದಿದ್ದೆಲ್ಲಾ ಫೌಜದಾರನ ಮಾರಿ. ಫ್ಯಾಕ್ಟರಿಗೆ ಹೋಗೂದು ಎಷ್ಟು ತಡಾ ಆಗತೈತೋ ಅಷ್ಟು ಚಲೋ ಅಂತ ನಾ ಊರು ತೋರಸಾಕ ಹೊಂಟೆ. ಚಾಂದವಡ ಸಣ್ಣ ಊರು, ಆದ್ರ ಎತ್ತರದ ಕಲ್ಲಿನ ಗ್ವಾಡಿ, ಆನಿ ಹೋಗೂವಂಥ ಬಾಗಲಾ, ಒಳಗ ಹಿಂದಿನ ರಾಣಿಯ ಕಟಗಿ ಕಂಬದ ರಂಗಮಹಲು. ಕಂಬದ ಮ್ಯಾಲಿನ ಕೆತ್ತನಿ ನೋಡಿದ್ರ ಬಡಿಗ್ಯಾಗ ಮನಿಗೆ ಹೋಗೂ ಮನಸ ಇದ್ದಿಲ್ಲ ಅನಸತೈತಿ.

ಅಷ್ಟಕ್ಕ ಬಿಡೂ ಮನಷ್ಯಾನ ನಾ? ಮೂಲ್ಯಾಗ ಒಂದು ಗಿಡ್ಡ ಬಾಗಲಾ ಕಂಡಿತು. ಇದು ಸುರಂಗ ಐತ್ರಿ, ಸೀದಾ ವಿಜಯಪುರ ಗೋಳಗುಮ್ಮಟಕ್ಕ ಹೋಗತೈತಿ, ಹಿಂದಕ ರಾಣಿಗೆ ಜ್ವಾಳದ ರೊಟ್ಟಿ ಇದರಾಗ ಬಿಸಿಬಿಸಿ ಬರತಿದ್ವು ಅಂದೆ.

ಅಜ್ಜಿ ಬಾಗಲದ ಮುಂದ ಕುಂತಬಿಟ್ಲು. "ಹಂಗಾರ ತೆಗಸ್ರಿ ಯಜಮಾನ್ರ. ನಾ ಊರಿಗೆ ಇದರಾಗ ಹೋಗ್ತೀನಿ. ಬಸ್ಸಿನಾಗ ನನಗ ವಾಂತಿ ಬರತೈತಿ."

ಏಳವಲ್ಲಳು. ಹುಡುಗ ಕೈಮುಗದ, ಆಗಲಿಲ್ಲ. ಕಡೀಕ ವಾಚಮನ್ ಬಂದು ಕೀಲಿ ತಗದ. ಒಳಗ ಕಸಬರಿಗಿ, ಒಂದು ಬಕೀಟು, ಕಾಲು ಮುರದ ಖುರ್ಚಿ. ಅಜ್ಜಿ ಬಗ್ಗಿ ನೋಡಿ, ನನ್ನ ಮಾರಿ ನೋಡಿ, ರಾಣಿ ಕಸಾ ಹೊಡದು ಹೋಗ್ಯಾಳ ಪಾಪ ಅಂದ್ಲು.

ತೀರ್ಥ

ಮುಂದ ಫ್ಯಾಕ್ಟರಿ ತಪ್ಪಲಿಲ್ಲ. ಉದ್ದನ ಟೇಬಲ್ಲು, ಮುಂಬೈಯಿಂದ ಬಂದ ಹುಡುಗ ಹುಡುಗೇರು, ಒಬ್ಬ ಬೋಳು ತಲಿ ಫಾರಿನ್ ಸಾಹೇಬ. ಮೊಮ್ಮಗಳು ಬಿಳಿ ಅಂಗಿ ಹಾಕ್ಕೊಂಡು ಬಾಟ್ಲಿ ಹಿಡಕೊಂಡು ನಿಂತಿದ್ಲು. ಗ್ಲಾಸು ಇಷ್ಟು ದೊಡ್ಡದು, ಹಾಕೂದು ತಳಾ ತೋಯುವಷ್ಟು.

ಇಷ್ಟ ಹಾಕಾಕ ಇಷ್ಟು ದೊಡ್ಡ ಗ್ಲಾಸ್ ಯಾಕಂತ ಅಜ್ಜಿ ಕೇಳಿದ್ಲು. ಇದು ತೀರ್ಥ ಇದ್ದಂಗ್ರಿ ಅಂತ ನನ್ನ ಬಾಯಿಂದ ಬಂದ ಹೋತು. ಅಜ್ಜಿ ಸೆರಗು ಹೊದ್ದು, ಎಡಗೈ ಮ್ಯಾಲ ಬಲಗೈ ಇಟ್ಟು ಅಂಗೈ ಮುಂದ ಚಾಚಿದ್ಲು. ಮೊಮ್ಮಗಳು ನನ್ನ ಕಡೆ ನೋಡಿದ್ಲು. ನಾ ಛಾವಣಿ ನೋಡಿದೆ, ಗಿಲಾವು ಚಲೋ ಮಾಡಿದ್ರು. ಹುಡುಗಿ ಹನಿ ಹಾಕಿದ್ಲು. ಅಜ್ಜಿ ಸುರ್ ಅಂತ ಹೀರಿ, ಕೈ ತಲಿಗೆ ಒರಸಿಕೊಂಡು, ಮತ್ತ ಚಾಚಿದ್ಲು. ಹಿಂಗ ಮೂರು ಸಲ.

ಮುಂಬೈ ಮಂದಿ ಇದನ್ನ ಕಣ್ಣು ಬಿಟಗೊಂಡು ನೋಡಾಕತ್ತಿದ್ರು. ವೈನ್ ಸವಿಯೂ ಖರೇ ಪದ್ಧತಿ ಇದ ಇರಬೇಕಂತ ತಿಳದ್ರೋ ಏನೋ, ಒಬ್ಬೊಬ್ಬರಂಗ ಗ್ಲಾಸ್ ಕೆಳಗಿಟ್ಟು ಅಂಗೈ ಚಾಚಿದ್ರು. ಸಾಹೇಬ ಎಲ್ಲಾರಕಿಂತ ಭಕ್ತಿಯಿಂದ ಕುಡದು, ಬೋಳು ತಲಿಗೆ ಒರಸಿಕೊಂಡ. ಸಂಜೀತನಾ ಅವನ ತಲಿ ಮ್ಯಾಲ ನೊಣಾ ಸಭಾ ಕೂಡಿದ್ವು.

ತೊಟ್ಟಿಯೊಳಗ

ಹೊರಗ ಕಟಗಿ ತೊಟ್ಟಿಯೊಳಗ ಕರೇ ದ್ರಾಕ್ಷಿ ಸುರುವಿದ್ರು. ಸುಗ್ಗ್ಯಾಗ ಮಂದಿ ಮೋಜಿಗೆ ಅದನ್ನ ತುಳೀತಾರ. ಪಟ್ಟಣದ ಹುಡುಗೇರು ಕಿಸಿಕಿಸಿ ನಕ್ಕೋತ ತುದಿಗಾಲಿಲೆ ಕುಣಿಯೂದು ನೋಡಿ ಅಜ್ಜಿಗೆ ತಡಕೊಳ್ಳಾಕ ಆಗಲಿಲ್ಲ. ಸರೀರಿ ಆಕಡೆ ಅಂದು, ಕಾಲು ತೊಳಕೊಂಡು, ಕಚ್ಚಿ ಬಿಗದು ಒಳಗ ಇಳದ್ಲು. ಜೀವಮಾನವಿಡೀ ಮನಿ ಕಟ್ಟೂ ಜಾಗಾದಾಗ ಹೊಟ್ಟು ಕೂಡಿಸಿ ಕೆಸರು ತುಳದ ಕಾಲು ಅವು. ಹಿಮ್ಮಡ ಊರಿ, ತಿರುವಿ, ಮಡಚಿ ತುಳದ್ಲು ನೋಡ್ರಿ, ದ್ರಾಕ್ಷಿ ಹಣ್ಣಲ್ಲ, ಬೀಜಾನೂ ಬಾಯಿ ಬಿಟ್ವು. ಇನ್ನೊಂದು ಬುಟ್ಟಿ ಹೊಟ್ಟು ತರ್ರಿ, ಇಲ್ಲಂದ್ರ ಗ್ವಾಡಿ ಸೀಳತೈತಿ ಅಂತ ಮ್ಯಾನೇಜರಗ ಕೂಗಿ ಹೇಳಿದ್ಲು.

ನನ್ನ ಮೊಮ್ಮಗಳನ್ನೂ ಕರದ್ಲು. ಇಬ್ಬರೂ ಕೈ ಕೈ ಹಿಡಕೊಂಡು ತುಳ್ಯಾಕತ್ರು. ಆವಾಗ ಅಜ್ಜಿ ಕೇಳಿದ್ಲು. "ಏನವ್ವಾ, ಇಷ್ಟೆಲ್ಲಾ ತುಳದು ಕಡೀಕ ಮಾಡೂದು ಏನು?"

ನಾ ಶರಬತ್ತು ಅನ್ನಾಕ ಬಾಯಿ ತಗದಿದ್ದೆ. ಹುಡುಗಿ ಬಿಡಲಿಲ್ಲ.

"ದಾರೂ, ಅಜ್ಜಿ. ವೈನ್ ಮ್ಹಣಜೆ ದಾರೂಚ. ನಾ ಇಲ್ಲಿ ಮಂದಿಗೆ ಅದ ಶಿಕವತೀನಿ. ಕೆಲಸ ನನಗ ಆವಡತೈತಿ, ಬಾಳ ಸೇರತೈತಿ, ಬಿಡಂಗಿಲ್ಲ."

ಹುಡುಗನ ಮಾರಿ ಹಸೇ ಸುಣ್ಣ ಹಚ್ಚಿದಂಗ ಆತು. ಅಜ್ಜಿ ಮಾತ್ರ ತುಳಿಯೂದು ನಿಲ್ಲಸಲಿಲ್ಲ.

"ಗೇಟಿನಾಗ ವಾಸನಿ ಬಡದ ಕೂಡಲೆ ಗೊತ್ತಾತು. ಅಂಗೈಯಾಗ ಹಾಕಿಸಿಕೊಂಡು ಖಾತ್ರಿ ಮಾಡಿಕೊಂಡೆ. ನನ್ನ ಗಂಡ ಸಾಯೂತನಾ ಕುಡದ. ಕುಡದಾನಂತ ಸಿಟ್ಟು ಬರತಿರಲಿಲ್ಲ. ಕುಡದಿಲ್ಲ, ಕುಡದಿಲ್ಲ ಅಂತಿದ್ದನಲ್ಲ, ಅದಕ್ಕ ಬರತಿತ್ತು."

ಆಮ್ಯಾಲ ಹುಡುಗಿ ಕೈ ಹಿಡದು ತೊಟ್ಟಿಯಿಂದ ಇಳಸಿದ್ಲು. ಕೆಳಗ ಬೆಳ್ಳನ ಫರಸಿ. ಬಲಗಾಲು ಮೊದಲ ಇಡು ಅಂದ್ಲು. ಹುಡುಗಿ ಇಟ್ಲು. ಅಕ್ಕಿ ತುಂಬಿದ ಸೇರು ಒದ್ದು ಮನಿಯೊಳಗ ಬರೂ ಮದುಮಗಳಂಗ, ಹುಡುಗ ನಿಂತಲ್ಲಿತನಾ ಫರಸಿ ಮ್ಯಾಲ ನೇರಳಿ ಬಣ್ಣದ ಹೆಜ್ಜಿ ಮೂಡಿದ್ವು. ಮ್ಯಾನೇಜರ್ ಒರಸಾಕ ಅರಿಬಿ ತಂದ, ಅಜ್ಜಿ ಒಂದ ಸಲ ನೋಡಿದ್ಲು, ಅವ ಆ ಅರಿಬಿಲೆ ತನ್ನ ಬೆವರು ಒರಸಿಕೊಂಡ.

ನಾ ಖುಷಿಗೆ ಎದಿ ಬಡಕೊಂಡು ಜೋರಾಗಿ ಅಳಾಕ ಸುರು ಮಾಡಿದೆ. ಅಜ್ಜಿ ತಿರುಗಿ ನೋಡಿದ್ಲು. ಮುಂಜಾನಿಂದ ಯಜಮಾನ್ರ, ಯಜಮಾನ್ರ ಅಂತಿದ್ದ ಬಾಯಿ, ಆವಾಗ ಮೊದಲನೇ ಸಲ ಬೀಗ್ರು ಅಂತು.

"ಸಾಕು ಮಾಡ್ರಿ ಬೀಗ್ರ. ಅಳೂದ್ರಾಗೂ ನೀವು ನಾಕು ಹನಿ ಹೆಚ್ಚಿಗೆ ಕೂಡಸ್ತೀರಿ."