ಮಾವನ ದನವೂ ನನ್ನ ಕೌಬಾಯ್‌ಗಿರಿಯೂ

ಕೆಲವರಿಗೆ ಅವಮಾನ ವರ್ಷಕ್ಕೊಮ್ಮೆ ಆಗುತ್ತದಂತೆ. ನನಗೆ ದನ ಹೊಡೆದುಕೊಂಡು ಹೊರಟ ಪ್ರತಿದಿನವೂ ಆಗುತ್ತಿತ್ತು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಗೆಜ್ಜಲಗೆರೆ ಫ್ಯಾಕ್ಟರಿ, ಮದ್ದೂರಿನ ಹೋಟೆಲು, ಆಮೇಲೆ ಲಾರಿ ಕ್ಲೀನರು, ಎಲ್ಲೂ ಕಾಲು ನಿಲ್ಲದೆ ಹೋದ ವರ್ಷ ಮಳವಳ್ಳಿ ಹತ್ತಿರದ ನಮ್ಮೂರಿಗೆ ಬಂದೆ. ಸೋದರಮಾವ ಮಂಡಿನೋವಿಗೆ ಕೂತುಬಿಟ್ಟಿದ್ದ. ಅವನಿಗೆ ಮೂರು ಹಸು.

"ಒಂದು ತಿಂಗ್ಳು ನೆಟ್ಟಗೆ ಮೇಯ್ಸು. ನಿನ್ ಕೈಲಾಗ್ನಿಲ್ಲ ಅಂದ್ರೆ ಮಾರ್ಬುಡ್ತೀನಿ," ಅಂದ. ಕಣ್ಣು ಮಾತ್ರ ಕೊಟ್ಟಿಗೆ ಕಡೆಗೇ ಇತ್ತು.

ಲಾರಿಯಲ್ಲಿ ಕೂತು ಮೊಬೈಲಲ್ಲಿ ಕೌಬಾಯ್ ಸಿನಿಮಾ ನೋಡಿದ್ದಷ್ಟೇ ನನ್ನ ಅನುಭವ. ಆಗಲಿ ಅಂದೆ.

೧. ಟೋಪಿ

ಮೈಸೂರಿನ ಫುಟ್‌ಪಾತಿನಲ್ಲಿ ಕೊಂಡ ಅಗಲ ಟೋಪಿ ಹಾಕಿಕೊಂಡು ಕೊಟ್ಟಿಗೆಗೆ ಹೋದೆ. ಹಸುಗಳು ಗೂಟ ಕಿತ್ತುಕೊಂಡು ಓಡಿದವು. ಮಾವನ ಹಳೇ ಟವೆಲ್ ತಲೆಗೆ ಸುತ್ತಿಕೊಂಡ ಮೇಲೇ ಹತ್ತಿರ ಬಂದದ್ದು. ಸಿನಿಮಾದಲ್ಲಿ ಸಾವಿರ ದನ ಇರುತ್ತವೆ, ಒಂದೂ ಸಗಣಿ ಹಾಕುವುದಿಲ್ಲ. ಇಲ್ಲಿ ಮೂರೇ ಹಸು, ಬೆನ್ನು ಮುರಿಯುವಷ್ಟು ಬಾಚಿದೆ. ಟೋಪಿ ದಂಡವಾಗಲಿಲ್ಲ ಬಿಡಿ. ಅತ್ತೆ ಅದರಲ್ಲಿ ಕೋಳಿಯನ್ನು ಕಾವಿಗೆ ಕೂರಿಸಿದಳು.

೨. ಕುಣಿಕೆ

ಕೆಂಪಿ ಅನ್ನುವ ಹಸು ಪಕ್ಕದವರ ಹಿಪ್ಪುನೇರಳೆ ತೋಟಕ್ಕೆ ನುಗ್ಗಿತು. ಮಾವನಾಗಿದ್ದರೆ ಹೆಸರು ಹಿಡಿದು ಕೂಗುತ್ತಿದ್ದ, ಅದು ಬರುತ್ತಿತ್ತು. ನಾನು ಹಗ್ಗಕ್ಕೆ ಕುಣಿಕೆ ಹಾಕಿ, ತಲೆ ಮೇಲೆ ಮೂರು ಸುತ್ತು ತಿರುಗಿಸಿ ಎಸೆದೆ. ಬಗ್ಗಿ ಸೊಪ್ಪು ಕುಯ್ಯುತ್ತಿದ್ದ ತೋಟದ ಅಜ್ಜಿ ಅದೇ ಹೊತ್ತಿಗೆ ಎದ್ದು ನಿಂತಳು. ಕುಣಿಕೆ ಅವಳ ಹೆಗಲಿಗೆ ಬಿತ್ತು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಅಜ್ಜಿ ಹಗ್ಗ ನೋಡಿ, ನನ್ನ ಮುಖ ನೋಡಿ ಹೇಳಿದಳು:

"ಇಡ್ದಿದ್ದಾಯ್ತಲ್ಲ ಕಣ್ಲಾ, ಇನ್ನು ಕೊಟ್ಗೇಲಿ ಕಟ್ಟಿ ಇಂಡಿ ಬೂಸಾ ಕಲ್ಸಾಕು."

೩. ಸೂಟಿಂಗು

ಮುತ್ತತ್ತಿಯಲ್ಲಿ ಸೂಟಿಂಗ್ ಮುಗಿಸಿದ ಸಿನಿಮಾದವರು ನಮ್ಮ ಕೆರೆ ಬಯಲಿಗೆ ಬಂದರು. ಹೀರೊಗೆ ಕೌಬಾಯ್ ಪಾತ್ರವಂತೆ. ಹಸು ಕಂಡರೆ ವ್ಯಾನಿನಿಂದ ಇಳಿಯುತ್ತಿರಲಿಲ್ಲ. ಓಡುವ ಹಸುವನ್ನು ಹಗ್ಗ ಜಗ್ಗಿ ನಿಲ್ಲಿಸುವುದಕ್ಕೆ ಅವನ ಬದಲು ಒಬ್ಬ ಬೇಕಿತ್ತು. ಕೋಲೂರಿಕೊಂಡು ನಿಂತಿದ್ದ ಮಾವನನ್ನು ನೋಡಿದ ಡೈರೆಕ್ಟರು, ಇವರು ದನ ಕಾಯೋರ ಥರ ಕಾಣಲ್ಲ ಅಂದರು. ನಲವತ್ತು ವರ್ಷ ದನ ಕಾದ ಮಾವ ತಲೆ ತಗ್ಗಿಸಿದ. ನನ್ನನ್ನು ಕೇಳಿದಾಗ, ಹುಟ್ಟಿದಾಗಿನಿಂದ ಇದೇ ಕಸುಬು, ಹಸುಗಳೂ ನನ್ನವೇ ಅಂದುಬಿಟ್ಟೆ. ಮಾವನಿಗೂ ಕೇಳಿಸಿತು. ಕೋಲು ಊರುತ್ತ ಮನೆಗೆ ಹೋದ. ಇದನ್ನು ಬರೆಯುವಾಗಲೂ ನನಗೆ ತಲೆ ಎತ್ತಲಾಗುತ್ತಿಲ್ಲ.

ಕೆಂಪಿಯ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ನಿಂತೆ. ನಾಲ್ಕು ಸಲ ಆಕ್ಷನ್ ಅಂದರು. ಕೆಂಪಿ ಮೆಲುಕು ಹಾಕುತ್ತ ನಿಂತಿತ್ತು. ಐದು ಗಂಟೆಯಾಯಿತು, ಹಾಲು ಕರೆಯುವ ಹೊತ್ತು, ಮನೆಯಲ್ಲಿ ಅದರ ಕರು ಬೇರೆ ಇತ್ತು. ಯಾರೂ ಆಕ್ಷನ್ ಅನ್ನಲಿಲ್ಲ, ಕೆಂಪಿ ಓಡಿತು. ಕಟ್ ಅಂದದ್ದು ಅದಕ್ಕೆ ತಿಳಿಯಲಿಲ್ಲ. ಕೆರೆ ಏರಿ ದಾಟಿ, ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದ ಊರವರ ಎದುರಿಗೇ ನನ್ನನ್ನು ಎಳೆದುಕೊಂಡು ಹೋಗಿ ಕೊಟ್ಟಿಗೆಯಲ್ಲಿ ನಿಂತಿತು. ಬಯಲಲ್ಲಿ ಮೇಯುತ್ತಿದ್ದ ಮಿಕ್ಕೆರಡು ಹಸು ಹಿಂದೆ ಕಾವಲಿಗೆ ಬಂದಂತೆ ಬಂದವು.

ಮಾವ ಕರುವಿನ ಪಕ್ಕ ಕೂತಿದ್ದ. ನಾನು ನೆಲ ನೋಡುತ್ತ, ತಪ್ಪಾಯ್ತು ಮಾವ, ನನ್ ಕೈಲಾಗಲ್ಲ, ಮಾರ್ಬುಡು ಅಂದೆ.

ಮಾವ ನನ್ನ ಸೊಂಟದ ಗಂಟು ಬಿಚ್ಚುತ್ತ ಕೇಳಿದ:

"ಈ ದನಗೋಳ್ನ ಮಾರ್ಬುಟ್ರೆ, ನಿನ್ನ ಕಾಯೋರ್ಯಾರ್ಲಾ?"